ನಿನ್ನ ಸರ್ವಾಧಿಕಾರಿಯ ಕಥೆ ಓದಿದ ಮೇಲೆ

ಪ್ರೀತಿಯ ಗೆಳೆಯಾ,

ನಿನ್ನ ಕಾದಂಬರಿಯ ಕರಡು ಎರಡು ಸಲ ಓದಿದೆ. ಮೊದಲ ಸಲ ಒಂದೇ ಪಟ್ಟಿಗೆ. ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು. ಮೊದಲ ಓದಿಗೆ ಖುಷಿಯಾಯಿತು, ಎರಡನೆಯದಕ್ಕೆ ತಕರಾರು ಹುಟ್ಟಿತು. ತಕರಾರಿನ ಬಗ್ಗೆ ಮಾತ್ರ ಬರೆಯುತ್ತೇನೆ. ಹೊಗಳುವ ಕೆಲಸಕ್ಕೆ ನಿನ್ನ ಸ್ನೇಹಿತರಿದ್ದಾರೆ.

ನಿನ್ನ ಕಥೆ ಶುರುವಾಗುವುದು ನಡುರಾತ್ರಿ. ರಸ್ತೆಯಲ್ಲಿ ಟ್ಯಾಂಕು, ರೇಡಿಯೋದಲ್ಲಿ ಬ್ಯಾಂಡು, ಬೆಳಗಾಗುವ ಹೊತ್ತಿಗೆ ಬಾಲ್ಕನಿಯಲ್ಲಿ ಸರ್ವಾಧಿಕಾರಿ. ಜನ ಕಿಟಕಿ ಸಂದಿಯಿಂದ ನೋಡುತ್ತಾರೆ. ಕೆಟ್ಟವನು ಯಾರು ಅಂತ ಮೊದಲ ಪುಟದಲ್ಲೇ ಗೊತ್ತಾಗಿಬಿಡುತ್ತದೆ. ಓದುವವನಿಗೆ ಎಷ್ಟು ಹಾಯಾಗಿರುತ್ತದೆ ನೋಡು! ಅವನು ಬಾಲ್ಕನಿಯಲ್ಲಿಲ್ಲ, ಟ್ಯಾಂಕಿನಲ್ಲೂ ಇಲ್ಲ. ಅಂದಮೇಲೆ ಇದರಲ್ಲಿ ಅವನದೇನೂ ತಪ್ಪಿಲ್ಲ, ಅಲ್ವಾ? ನನ್ನ ತಕರಾರು ಇಲ್ಲೇ ಇರುವುದು. ಟ್ಯಾಂಕು ಬರುವ ಹೊತ್ತಿಗೆ ಮುಕ್ಕಾಲು ಕಥೆ ಮುಗಿದಿರುತ್ತದೆ. ನೀನು ಕೊನೆಯಿಂದ ಶುರು ಮಾಡಿದ್ದೀಯ.

ಜರ್ಮನಿಯನ್ನೇ ತೆಗೆದುಕೋ. ಎಲ್ಲರೂ ಅದನ್ನೇ ಹೇಳುತ್ತಾರೆ, ನಾನೂ ಅದನ್ನೇ ಹೇಳುತ್ತೇನೆ. ಅಲ್ಲಿ ಲೆಕ್ಕವನ್ನು ಪಕ್ಕಾ ಬರೆದಿಟ್ಟಿದ್ದಾರೆ, ಅದಕ್ಕೆ. 1932ರ ನವೆಂಬರ್ ಚುನಾವಣೆಯಲ್ಲಿ ಹಿಟ್ಲರನ ಪಕ್ಷಕ್ಕೆ 196 ಸ್ಥಾನ ಬಂತು. ಅದೇ ವರ್ಷ ಜುಲೈನಲ್ಲಿ 230 ಇತ್ತು, ಅಂದರೆ ಇಳಿಮುಖ. ಸೋಷಿಯಲ್ ಡೆಮಾಕ್ರಟರಿಗೆ 121, ಕಮ್ಯುನಿಸ್ಟರಿಗೆ 100. ಕೂಡಿಸಿದರೆ 221. ಬಹುಮತವೇನೂ ಅಲ್ಲ, ಆದರೆ ಅವನಿಗಿಂತ ಜಾಸ್ತಿ. ತಮಾಷೆ ಏನೆಂದರೆ, ಈ ಎರಡು ಸಂಖ್ಯೆಗಳನ್ನು ಕಾಗದದ ಮೇಲೆ ಮಾತ್ರ ಕೂಡಿಸಬಹುದಿತ್ತು. ಕಮ್ಯುನಿಸ್ಟರ ಬಾಯಲ್ಲಿ ಸೋಷಿಯಲ್ ಡೆಮಾಕ್ರಟರು ‘ಸೋಷಿಯಲ್ ಫ್ಯಾಸಿಸ್ಟರು’. ಆ ಚುನಾವಣೆಗೆ ಮೂರು ದಿನ ಇರುವಾಗ ಬರ್ಲಿನ್ನಿನಲ್ಲಿ ಸಾರಿಗೆ ಮುಷ್ಕರ ಶುರುವಾಯಿತು. ಅದರಲ್ಲಿ ಕಮ್ಯುನಿಸ್ಟರೂ ನಾಜಿಗಳೂ ಒಂದೇ ಕಡೆ ನಿಂತಿದ್ದರು.

ಆ ದ್ವೇಷ ಸುಮ್ನೆ ಹುಟ್ಟಿದ್ದಲ್ಲ ಕಣಯ್ಯಾ. 1919ರ ಜನವರಿಯಲ್ಲಿ ಕಮ್ಯುನಿಸ್ಟ್ ನಾಯಕರಾದ ರೋಸಾ ಲಕ್ಸೆಂಬರ್ಗ್ ಮತ್ತು ಕಾರ್ಲ್ ಲೀಬ್‌ಕ್ನೆಕ್ಟ್ ಅವರನ್ನು ಸೈನಿಕರು ಹಿಡಿದು ಕೊಂದಾಗ ಸರ್ಕಾರ ಸೋಷಿಯಲ್ ಡೆಮಾಕ್ರಟರ ಕೈಯಲ್ಲಿತ್ತು. ಅದನ್ನು ಮರೆಯಿರಿ ಎಂದು ಯಾರಿಗೆ ಹೇಳುತ್ತೀಯ? ನಿನ್ನ ಕರಡಿನಲ್ಲಿ ಎರಡು ಗುಂಪುಗಳು ಕಿತ್ತಾಡುವುದು ಬರೀ ದಡ್ಡತನದಿಂದ. ದಡ್ಡರ ಜಗಳವಾದರೆ ಬುದ್ಧಿ ಹೇಳಿ ಬಿಡಿಸಬಹುದು. ಎರಡೂ ಕಡೆ ನಿಜವಾದ ಗಾಯ ಇದ್ದಾಗ ಬಿಡಿಸುವುದು ಹೇಗೆ? ನಿನ್ನ ಕಾದಂಬರಿ ಈ ಪ್ರಶ್ನೆಯ ಹತ್ತಿರ ಹೋಗಿ ಹಿಂದೆ ಸರಿದಿದೆ. 40ನೇ ಪುಟ ನೋಡು, ಅಂಚಿನಲ್ಲಿ ಗೆರೆ ಹಾಕಿದ್ದೇನೆ.

ಇನ್ನು ಬಲಪಂಥದ ಹಳೇ ದೊಡ್ಡ ಮನುಷ್ಯರು. 1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆದಾಗ ಸಂಪುಟದಲ್ಲಿ ಅವನನ್ನು ಬಿಟ್ಟರೆ ಅವನ ಪಕ್ಷದವರು ಇಬ್ಬರೇ. ಉಪಚಾನ್ಸಲರ್ ಪಾಪೆನ್ ಮತ್ತು ಅವರ ಕಡೆಯವರ ಲೆಕ್ಕಾಚಾರ ಸರಳ. ಎಡಪಂಥದವರನ್ನು ದೂರ ಇಡಬೇಕು, ಅದಕ್ಕೆ ಇವನ ಹಿಂದಿರುವ ಜನ ಬೇಕು. ಇವನನ್ನು ಮೂಲೆಗೆ ಕೂರಿಸಿ ಕೆಲಸ ತೆಗೆದುಕೊಂಡರಾಯಿತು. ಅವರಲ್ಲಿ ಬಹಳ ಜನಕ್ಕೆ ಅವನ ಮೇಲೆ ಪ್ರೀತಿಯೇನೂ ಇರಲಿಲ್ಲ. ಬೇರೆಯವರ ಮೇಲೆ ದ್ವೇಷ ಇತ್ತು, ಅಷ್ಟೇ ಸಾಕಾಯಿತು.

ನನಗೆ ಹೇಳಬೇಕಿರುವುದೂ ಇದೇ. ಒಡೆದ ದೇಶದಲ್ಲಿ ಅವನನ್ನು ಪ್ರೀತಿಸುವವರು ಅರ್ಧದಷ್ಟು ಇರಬೇಕಾಗಿಲ್ಲ. ‘ಇವನು ಬಂದರೂ ಪರವಾಗಿಲ್ಲ, ಅವರು ಮಾತ್ರ ಬೇಡ’ ಅನ್ನುವವರು ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಇದ್ದರೆ ಸಾಕು. ನಿನ್ನ ಪುಸ್ತಕದಲ್ಲಿ ಇಂಥವನು ಒಬ್ಬನೂ ಇಲ್ಲ.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಫೆಬ್ರುವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಮಾತು, ಪತ್ರಿಕೆ, ಸಭೆ ಎಲ್ಲದರ ಹಕ್ಕೂ ಹೋಯಿತು. ಅದಕ್ಕೆ ಬಳಸಿದ್ದು ಸಂವಿಧಾನದಲ್ಲೇ ಇದ್ದ 48ನೇ ವಿಧಿ. 1930ರಿಂದಲೂ ಪಕ್ಷಗಳು ಒಮ್ಮತಕ್ಕೆ ಬಾರದಾಗ ಹಿಂದಿನ ಚಾನ್ಸಲರ್‌ಗಳು ಅದೇ ವಿಧಿ ಹಿಡಿದುಕೊಂಡು, ಅಧ್ಯಕ್ಷರ ಸಹಿ ಹಾಕಿಸಿ, ಆದೇಶಗಳ ಮೇಲೆ ದೇಶ ನಡೆಸಿದ್ದರು. ಜನರಿಗೆ ರೂಢಿಯಾಗಿಹೋಗಿತ್ತು. ನಮ್ಮಲ್ಲಿ 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಗೆ ಬಳಕೆಯಾದದ್ದೂ ಸಂವಿಧಾನದ 352ನೇ ವಿಧಿಯೇ. ಹೀಗಾಗಿ ನಿನ್ನ ಸರ್ವಾಧಿಕಾರಿ ಸಂವಿಧಾನವನ್ನು ಹರಿದು ಹಾಕುವ ದೃಶ್ಯ ತೆಗೆದುಬಿಡು. ಅವನು ಅದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ.

ಈಗ ಒಂದು ಮಧ್ಯಾಹ್ನದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 1933ರ ಮಾರ್ಚ್ 23. ಸಂಸತ್ ಭವನ ಸುಟ್ಟಿದ್ದರಿಂದ ಸಭೆ ಕ್ರೋಲ್ ಒಪೆರಾ ಹೌಸಿನಲ್ಲಿ. ಒಳಗೆ ಹಿಟ್ಲರನ ಕಂದು ಅಂಗಿಯ ಪಡೆಯವರು ಸಾಲುಗಟ್ಟಿ ನಿಂತಿದ್ದಾರೆ. ಕಮ್ಯುನಿಸ್ಟ್ ಸದಸ್ಯರ ಕುರ್ಚಿಯಲ್ಲಿ ಯಾರೂ ಇಲ್ಲ. ಕೆಲವರು ಸೆರೆಯಲ್ಲಿ, ಕೆಲವರು ತಲೆಮರೆಸಿಕೊಂಡು. ಮುಂದಿರುವುದು ಸಂಸತ್ತನ್ನು ಕೇಳದೆ ಸರ್ಕಾರವೇ ಕಾನೂನು ಮಾಡಬಹುದು ಅನ್ನುವ ಮಸೂದೆ. ಎದ್ದು ನಿಂತು ಬೇಡ ಎಂದು ಭಾಷಣ ಮಾಡಿದ್ದು ಸೋಷಿಯಲ್ ಡೆಮಾಕ್ರಟರ ಓಟ್ಟೋ ವೆಲ್ಸ್ ಒಬ್ಬರೇ. ಪರ 444, ವಿರೋಧ 94. ಆ 94 ಮತವೂ ಅವರ ಪಕ್ಷದ್ದೇ.

ವೆಲ್ಸ್ ಬಗ್ಗೆ ಎಲ್ಲರೂ ಬರೆಯುತ್ತಾರೆ, ಬರೆಯಬೇಕಾದ್ದೇ. ಆದರೆ ಕಾದಂಬರಿ ಬರೆಯುವವನು ಹೊಕ್ಕು ನೋಡಬೇಕಾದ್ದು ಆ 444ರ ಒಳಗೆ. ಅಲ್ಲಿ ಥಿಯೋಡೋರ್ ಹಾಯ್ಸ್ ಎಂಬವರು ಇದ್ದರು. ಉದಾರವಾದಿ, ಪತ್ರಕರ್ತ, ಓದಿಕೊಂಡ ಮನುಷ್ಯ. ಹಿಂದಿನ ವರ್ಷವಷ್ಟೇ ಹಿಟ್ಲರನ ವಿಚಾರಗಳನ್ನು ಟೀಕಿಸಿ ಒಂದು ಪುಸ್ತಕವನ್ನೇ ಬರೆದಿದ್ದರು. ಅವರ ಪಕ್ಷಕ್ಕಿದ್ದದ್ದು ಐದೇ ಜನ. ಅವರಿಗೆ ಮನಸ್ಸಿರಲಿಲ್ಲ. ಆದರೂ ಪಕ್ಷದ ಹೆಚ್ಚಿನವರ ಮಾತಿಗೆ ಕಟ್ಟುಬಿದ್ದು ‘ಹೌದು’ ಎಂದರು. ಮೇ ತಿಂಗಳಲ್ಲಿ ಬೀದಿಯಲ್ಲಿ ಪುಸ್ತಕ ಸುಟ್ಟಾಗ ಅವರ ಪುಸ್ತಕವೂ ಬೆಂಕಿಗೆ ಹೋಯಿತು. 1949ರಲ್ಲಿ ಪಶ್ಚಿಮ ಜರ್ಮನಿಯ ಮೊದಲ ರಾಷ್ಟ್ರಾಧ್ಯಕ್ಷರಾದವರೂ ಅವರೇ. ಕೆಟ್ಟ ಮನುಷ್ಯರೇ? ಅಲ್ಲವೇ ಅಲ್ಲ. ನಾನು, ನೀನು ಅಲ್ಲಿದ್ದಿದ್ದರೆ ಬಹುಶಃ ಅವರ ಪಕ್ಕದ ಕುರ್ಚಿಯಲ್ಲೇ ಇರುತ್ತಿದ್ದೆವು.

ಕ್ಯಾಥೊಲಿಕರ ಸೆಂಟರ್ ಪಕ್ಷದ ನಾಯಕ ಲುಡ್ವಿಗ್ ಕಾಸ್ ಒಬ್ಬ ಪಾದ್ರಿ. ಮತ ಹಾಕುವ ಮುಂಚೆ ಹಿಟ್ಲರನಿಂದ ಭರವಸೆಗಳನ್ನು ಕೇಳಿದ್ದರು. ಪತ್ರದಲ್ಲೇ ಬರೆದು ಕೊಡುತ್ತೇನೆ ಎಂದಿದ್ದ. ಮತದ ಹೊತ್ತಾಯಿತು, ಪತ್ರ ಬರಲಿಲ್ಲ. ಆಮೇಲೂ ಬರಲಿಲ್ಲ. ಪಕ್ಷ ಪರವಾಗಿ ಮತ ಹಾಕಿತು, ಜುಲೈ ಹೊತ್ತಿಗೆ ಪಕ್ಷವೇ ಇರಲಿಲ್ಲ. ಬಾಗಿಲ ಕಡೆ ಕಣ್ಣಿಟ್ಟು ಒಂದು ಪತ್ರಕ್ಕಾಗಿ ಕಾಯುತ್ತಿರುವ ಪಾದ್ರಿಯನ್ನು ನೆನೆಸಿಕೋ. ಇಡೀ ಅಧ್ಯಾಯ ಅಲ್ಲಿ ಬಿದ್ದಿದೆ. ನೀನು ಟ್ಯಾಂಕಿನ ಚಕ್ರ ಎಣಿಸುತ್ತಾ ಕೂತಿದ್ದೀಯ ಮಾರಾಯ!

ಇಟಲಿಯಲ್ಲಂತೂ ಮುಸೊಲಿನಿ ರೋಮ್‌ಗೆ ಬಂದದ್ದು ರಾತ್ರಿ ರೈಲಿನಲ್ಲಿ. ಆಗ 535 ಜನರ ಸಂಸತ್ತಿನಲ್ಲಿ ಅವನ ಪಕ್ಷದವರು 35. ಪ್ರಧಾನಿಯಾಗು ಎಂದು ರಾಜ ಕರೆದ, ಇವನು ಹೋದ. 1924ರಲ್ಲಿ ಅವನ ಕಡೆಯವರು ಮತ್ತೆಯೊತ್ತಿ ಎಂಬ ಸಮಾಜವಾದಿ ಸಂಸದನನ್ನು ಹಗಲಲ್ಲೇ ಹೊತ್ತೊಯ್ದು ಕೊಂದಾಗ ದೇಶ ನಡುಗಿತು, ಅವನ ಕುರ್ಚಿಯೂ ಅಲ್ಲಾಡಿತು. ವಿರೋಧ ಪಕ್ಷದವರು ಏನು ಮಾಡಿದರು? ಇಂಥ ಸಭೆಯಲ್ಲಿ ಕೂರುವುದಿಲ್ಲ ಎಂದು ಎದ್ದು ಹೊರಗೆ ಹೋದರು. ಕೈ ಕೊಳೆಯಾಗಲಿಲ್ಲ. ಒಳಗೆ ಅವನೊಬ್ಬನೇ ಉಳಿದ.

ಚಿಲಿಯಲ್ಲಿ ಮಾತ್ರ ನೀನು ಬರೆದ ಹಾಗೇ ಟ್ಯಾಂಕು ಬಂತು, ವಿಮಾನವೂ ಬಂತು. 1973ರ ಸೆಪ್ಟೆಂಬರ್ 11. ಆದರೆ ಮೂರು ವರ್ಷ ಹಿಂದಕ್ಕೆ ಹೋಗು. 1970ರ ಅಧ್ಯಕ್ಷ ಚುನಾವಣೆಯಲ್ಲಿ ಸಮಾಜವಾದಿ ಅಯೆಂದೆ ಗೆದ್ದದ್ದು ಶೇ. 36ರಷ್ಟು ಮತದಿಂದ. ದೇಶ ಮೂರು ಹೋಳಾಗಿತ್ತು. ಆಗ ಸಂಸತ್ತಿನಲ್ಲಿ ಕ್ರಿಶ್ಚಿಯನ್ ಡೆಮಾಕ್ರಟರು ಅವರ ಪರ ಮತ ಹಾಕಿಯೇ ಅವರು ಅಧ್ಯಕ್ಷರಾದದ್ದು. 1973ರ ಆಗಸ್ಟ್ ಹೊತ್ತಿಗೆ ಅದೇ ಪಕ್ಷ, ಈ ಸರ್ಕಾರ ಸಂವಿಧಾನ ಮುರಿಯುತ್ತಿದೆ ಎಂಬ ಠರಾವಿಗೆ ಕೈ ಜೋಡಿಸಿತ್ತು. ಪಕ್ಷದ ಅಧ್ಯಕ್ಷ ಪತ್ರೀಸಿಯೋ ಆಯ್ಲ್ವಿನ್. ಅಯೆಂದೆ ಜೊತೆ ಮಾತುಕತೆ ಮುರಿದು ಬಿದ್ದಿತ್ತು. ಸೈನ್ಯ ಬಂದಾಗ ಪಕ್ಷದ ದೊಡ್ಡ ನಾಯಕರಲ್ಲಿ ಹಲವರು ಸಮಾಧಾನದ ಉಸಿರು ಬಿಟ್ಟರು. ಸೈನಿಕರು ಮನೆ ಗುಡಿಸಿ, ಚುನಾವಣೆ ನಡೆಸಿ ಹೊರಟುಹೋಗುತ್ತಾರೆ ಅಂದುಕೊಂಡಿದ್ದರು. ಅಧಿಕಾರ ಹಿಡಿದ ಸೇನಾಧಿಕಾರಿ ಪಿನೋಚೆ ಹೋಗಿದ್ದು 1990ರ ಮಾರ್ಚಿನಲ್ಲಿ. ಅಷ್ಟರಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಜನ ಸತ್ತಿದ್ದರು ಅಥವಾ ಕಾಣೆಯಾಗಿದ್ದರು. 1977ರಲ್ಲಿ ಕ್ರಿಶ್ಚಿಯನ್ ಡೆಮಾಕ್ರಟರ ಪಕ್ಷವನ್ನೂ ರದ್ದು ಮಾಡಿದ್ದ.

ನನಗೆ ಇದಕ್ಕಿಂತ ಆಸಕ್ತಿ ಇರುವುದು ಆಮೇಲಿನ ಕಥೆಯಲ್ಲಿ. 1988ರಲ್ಲಿ ಪಿನೋಚೆ ಇನ್ನೂ ಎಂಟು ವರ್ಷ ಇರಬೇಕೇ ಬೇಡವೇ ಎಂದು ಜನರ ಮತ ಕೇಳಿದರು. ‘ಬೇಡ’ ಅನ್ನುವ ಕಡೆಗೆ ಟಿವಿಯಲ್ಲಿ ಸಿಕ್ಕಿದ್ದು ರಾತ್ರಿ ತಡವಾಗಿ ಹದಿನೈದು ನಿಮಿಷ. ಅಷ್ಟರಲ್ಲಿ ಕ್ರಿಶ್ಚಿಯನ್ ಡೆಮಾಕ್ರಟರು ಮತ್ತು ಸಮಾಜವಾದಿಗಳು, 1973ರಲ್ಲಿ ಒಬ್ಬರ ಮುಖ ಒಬ್ಬರು ನೋಡದಿದ್ದವರು, ಒಂದೇ ಮೇಜಿನ ಸುತ್ತ ಕೂತಿದ್ದರು. ಆ ಕೂಟದ ವಕ್ತಾರ ಯಾರು ಗೊತ್ತಾ? ಅದೇ ಆಯ್ಲ್ವಿನ್. ‘ಬೇಡ’ ಗೆದ್ದಿತು, ಸುಮಾರು ಶೇ. 55 ಮತ. 1990ರಲ್ಲಿ ಅಧ್ಯಕ್ಷರಾದವರೂ ಅವರೇ. ಆ ಮೇಜಿನ ಮೊದಲ ಸಭೆಯಲ್ಲಿ ಮೊದಲು ಬಾಯಿಬಿಟ್ಟವರು ಯಾರು? ಒಬ್ಬರ ತಮ್ಮ ಕಾಣೆಯಾಗಿದ್ದರೆ, ಅಂದು ಸಮಾಧಾನದ ಉಸಿರು ಬಿಟ್ಟವನು ಎದುರಿಗೇ ಕೂತಿದ್ದರೆ, ಅವರು ಹವಾಮಾನದ ಬಗ್ಗೆ ಮಾತಾಡಿದರೇ? ಇದನ್ನು ಇತಿಹಾಸಕಾರ ಬರೆಯಲಾರ. ನೀನು ಬರೆಯಬಹುದು.

ತಪ್ಪು ತಿಳಿಯಬೇಡ. ಎರಡೂ ಕಡೆ ತಪ್ಪಿದೆ ಎಂದು ತಕ್ಕಡಿ ಹಿಡಿದು ಕೂರು ಅಂತ ಹೇಳುತ್ತಿಲ್ಲ. ಕೊಂದವನು ಕೊಂದವನೇ, ಸತ್ತವನು ಸತ್ತವನೇ. ಅದನ್ನು ಮಸುಕು ಮಾಡಿದರೆ ನಿನ್ನ ಮುಂದಿನ ಪುಸ್ತಕ ನಾನು ಓದುವುದಿಲ್ಲ.

ಇನ್ನು ಭಾಷೆ. ನಮ್ಮ ಕಸುಬೇ ಅದಾದ್ದರಿಂದ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಹಿಟ್ಲರನ ಕಾಲದಲ್ಲಿ ಜರ್ಮನಿಯ ಡ್ರೆಸ್‌ಡೆನ್ ಊರಿನಲ್ಲಿ ವಿಕ್ಟರ್ ಕ್ಲೆಂಪರರ್ ಎಂಬ ಪ್ರಾಧ್ಯಾಪಕರಿದ್ದರು. ಯಹೂದಿ ಮನೆತನದವರು. ಕೆಲಸ ಹೋಯಿತು, ಲೈಬ್ರರಿಗೆ ಹೋಗುವ ಹಕ್ಕು ಹೋಯಿತು, ಟೈಪ್‌ರೈಟರ್ ಹೋಯಿತು. ಅವರು ಡೈರಿ ಬರೆಯುವುದು ಬಿಡಲಿಲ್ಲ. ಬರೆದ ಹಾಳೆಗಳು ಕೈಗೆ ಸಿಕ್ಕಿದ್ದರೆ ತಲೆ ಹೋಗುತ್ತಿತ್ತು. ಅವರು ಟಿಪ್ಪಣಿ ಮಾಡುತ್ತಿದ್ದದ್ದು ದೊಡ್ಡ ಘಟನೆಗಳನ್ನಷ್ಟೇ ಅಲ್ಲ, ಪದಗಳನ್ನು. ಜರ್ಮನ್ ಭಾಷೆಯಲ್ಲಿ ‘ಫನಾಟಿಶ್’ ಅಂದರೆ ಮತಾಂಧ, ತಲೆಕೆಟ್ಟ ಹಟದವನು ಅನ್ನುವ ಬೈಗುಳ. ನೋಡನೋಡುತ್ತಿದ್ದಂತೆ ಅದು ಹೊಗಳಿಕೆಯಾಯಿತು. ಫನಾಟಿಶ್ ನಿಷ್ಠೆ, ಫನಾಟಿಶ್ ನಂಬಿಕೆ. ಕಾನೂನಿನಿಂದ ಆದದ್ದಲ್ಲ. ದಿನಾ ಕೇಳಿ ಕೇಳಿ ಬಾಯಿಗೆ ಹತ್ತಿದ್ದು. ಆಡಳಿತವನ್ನು ಇಷ್ಟಪಡದವರ ಬಾಯಲ್ಲೂ ಅಂಥ ಪದಗಳು ಬರುತ್ತಿದ್ದವು ಎಂದು ಅವರು ಗಮನಿಸಿದರು.

ನಿನ್ನ ಕರಡಿನಲ್ಲಿ ಜನರನ್ನು ‘ಕುರಿಮಂದೆ’ ಎಂದು ಏಳು ಸಲ ಕರೆದಿದ್ದೀಯ. ಎಣಿಸಿದೆ. ಅದು ಬಾಲ್ಕನಿಯಲ್ಲಿ ನಿಂತವನ ಪದ ಕಣಯ್ಯಾ. ಅವನೂ ಜನರನ್ನು ಹಾಗೇ ನೋಡುತ್ತಾನೆ. ಏಳನ್ನೂ ಹೊಡೆದು ಹಾಕಿದ್ದೇನೆ.

ಇದನ್ನು ಹೇಳುವ ಯೋಗ್ಯತೆ ನನಗೆ ಸುಲಭಕ್ಕೆ ಬಂದದ್ದಲ್ಲ. ನಿನ್ನ ವಯಸ್ಸಿನಲ್ಲಿ ನಾನೊಂದು ಅಂಕಣ ಬರೆಯುತ್ತಿದ್ದೆ. ನನಗೆ ಆಗದ ಒಂದು ಗುಂಪಿನವರನ್ನು ‘ಅಂಥವರು’ ಎಂದು ಬರೆಯುವ ಚಟ ಇತ್ತು. ಅಂಥವರಿಗೆ ಬುದ್ಧಿ ಬರುವುದಿಲ್ಲ, ಅಂಥವರ ಜೊತೆ ಮಾತೇನು. ಜನ ಓದಿ ಬೆನ್ನು ತಟ್ಟುತ್ತಿದ್ದರು. ಒಂದು ದಿನ ಒಂದು ಕಾರ್ಡು ಬಂತು. ಗುಂಡನೆಯ, ಸ್ವಲ್ಪ ನಡುಗುವ ಅಕ್ಷರ. ‘ನಾನು ನಿಮ್ಮ ಬರಹ ಮೊದಲಿನಿಂದ ಓದುತ್ತಿದ್ದೇನೆ. ಅಂಥವರಲ್ಲಿ ನಾನೂ ಒಬ್ಬ. ಮುಂದೆಯೂ ಓದಬೇಕೋ ಬೇಡವೋ ತಿಳಿಸಿ.’ ಕೆಳಗೆ ವಿಳಾಸ. ನಾನು ಉತ್ತರ ಬರೆಯಲಿಲ್ಲ. ನಾಳೆ ಬರೆದರಾಯಿತು ಅಂದುಕೊಂಡೆ. ಆ ಕಾರ್ಡು ಈಗಲೂ ನನ್ನ ಹತ್ತಿರ ಇದೆ.

ನಿನ್ನ ಎರಡನೇ ಕರಡಿಗೆ ಇಷ್ಟು ಮಾಡು. ಬಾಲ್ಕನಿ ದೃಶ್ಯವನ್ನು ಕೊನೆಗೆ ಒಯ್ಯಿ, ಆಗಲೂ ಅರ್ಧ ಪುಟ ಸಾಕು. ಎರಡು ಗುಂಪಿನಲ್ಲೂ ನಿನಗೆ ಇಷ್ಟವಾಗುವ ಒಬ್ಬೊಬ್ಬರನ್ನು ಹುಡುಕು. ಇಷ್ಟವಾಗಲೇಬೇಕು, ಸುಮ್ನೆ ನ್ಯಾಯ ಕಾಣಲಿ ಅಂತ ತುರುಕಬೇಡ. ಒಂಬತ್ತನೇ ಪುಟದಲ್ಲಿ ಒಬ್ಬ ಗುಮಾಸ್ತ ಬರುತ್ತಾನಲ್ಲ, ಪತ್ರಿಕೆ ಮುಚ್ಚಿಸುವ ಆದೇಶಕ್ಕೆ ಮುದ್ರೆ ಒತ್ತಿ, ಶಾಯಿ ಆರಲಿ ಅಂತ ಊದಿ, ಮನೆಗೆ ಹೋಗುವವನು. ನಾಲ್ಕು ಸಾಲಿನಲ್ಲಿ ಬಂದು ಹೋಗುತ್ತಾನೆ. ಇಡೀ ಕರಡಿನಲ್ಲಿ ನನಗೆ ಜೀವಂತ ಕಂಡವನು ಅವನೊಬ್ಬನೇ. ಆ ಪತ್ರಿಕೆ ಮುಚ್ಚಿದ್ದು ಅವನಿಗೆ ಒಳಗೊಳಗೇ ಖುಷಿಯಾಯಿತೋ ಇಲ್ಲವೋ, ಅದರಲ್ಲಿ ಯಾರ ಬಗ್ಗೆ ಏನು ಬರೆಯುತ್ತಿದ್ದರು, ಅವನ ಮನೆಯವರನ್ನು ‘ಅಂಥವರು’ ಅನ್ನುತ್ತಿದ್ದರೋ ಏನೋ, ಯೋಚನೆ ಮಾಡು. ಮೊದಲು ಅವನಿಗೊಂದು ಹೆಸರಿಡು.

ಬರೆದಾದ ಮೇಲೆ ಕಳಿಸು. ಪೆನ್ಸಿಲ್ ಕೆತ್ತಿ ಇಟ್ಟಿರುತ್ತೇನೆ.

ನಿನ್ನ ಹಿರಿಯ ಗೆಳೆಯ