ಮನೆ ಕಟ್ಟುವ ಮೊದಲೇ ನೀರಿನ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ನಾನಿರುವುದು ಬೆಂಗಳೂರು ಪಾಲಿಕೆಗೆ 2007ರಲ್ಲಿ ಸೇರಿದ 110 ಹಳ್ಳಿಗಳಲ್ಲೊಂದರಲ್ಲಿ. 2024ರ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿತು. ಸ್ವಿಚ್ ಹಾಕಿದರೆ ಮೊದಲು ಗಾಳಿ, ಆಮೇಲೆ ಎರಡು ಕೊಡ ಕೆಂಪು ನೀರು, ಅಷ್ಟೇ. ಅಕ್ಕಿ ತೊಳೆದ ನೀರನ್ನು ನಮ್ಮತ್ತೆ ಬಕೆಟ್‌ನಲ್ಲಿ ಹಿಡಿದಿಟ್ಟು ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದರು. ಟ್ಯಾಂಕರ್ ಹಾರ್ನ್ ಕೇಳಿದರೆ ರಾತ್ರಿ ಹನ್ನೊಂದಕ್ಕೂ ಎದ್ದು ಓಡುತ್ತಿದ್ದೆವು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ 5ನೇ ಹಂತ ಶುರುವಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, ಮುಖ್ಯವಾಗಿ ನಮ್ಮಂಥ ಹಳ್ಳಿಗಳಿಗೆ. ನಮ್ಮ ನಲ್ಲಿಯಲ್ಲಿ ಮೊದಲ ಸಲ ನೀರು ಬಂದ ದಿನ ಅತ್ತೆ ಅರಿಶಿನ ಕುಂಕುಮ ಇಟ್ಟರು. ನಿಜಕ್ಕೂ ದೊಡ್ಡ ಕೆಲಸ.

ಆದರೆ ನಮ್ಮ ಬೀದಿಯ ಕೊನೆಯಲ್ಲಿ ಈಗ ಮತ್ತೆರಡು ಅಪಾರ್ಟ್‌ಮೆಂಟ್ ಏಳುತ್ತಿವೆ. ಆ ಮನೆಗಳಿಗೆ ನೀರು ಎಲ್ಲಿಂದ? ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲೆತ್ತಿ ತರುವ ನೀರಿದು. ಕಾವೇರಿಯಲ್ಲಿ ನಮ್ಮ ಪಾಲಿಗೂ ಮಿತಿ ಇದೆ. ಮಂಡ್ಯದ ರೈತರಿಗೂ ಅದೇ ನದಿ ಅಲ್ವಾ?

ನಕ್ಷೆಗೆ ಒಪ್ಪಿಗೆ ಕೊಡುವ ಮೊದಲೇ ಆ ವಾರ್ಡಿಗೆ ಎಷ್ಟು ನೀರು ಬರುತ್ತದೆ, ಎಷ್ಟು ಜನ ಜಾಸ್ತಿಯಾಗುತ್ತಾರೆ ಎಂದು ಲೆಕ್ಕ ಹಾಕಿ ಫಲಕದಲ್ಲಿ ಬರೆಯಲಿ. ಶುದ್ಧೀಕರಿಸಿದ ಕೊಳಚೆ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದೇವೆ. ಕಟ್ಟಡ ಕೆಲಸಕ್ಕೆ, ಶೌಚಾಲಯಕ್ಕೆ ಇಲ್ಲೂ ಅಂಥ ನೀರನ್ನೇ ಕೊಡಲಿ. ಹೊಸ ಮನೆಗಳಿಗೆ ಈಗಲೇ ಆ ನೀರಿಗೆಂದು ಎರಡನೇ ಪೈಪ್ ಹಾಕಿಸಲಿ, ಗೋಡೆ ಎದ್ದ ಮೇಲೆ ಒಡೆಯುವುದು ಕಷ್ಟ.

– ಒಬ್ಬ ಗೃಹಿಣಿ, ಬೆಂಗಳೂರು