ಎರಡು ಅಚ್ಚಿನ ಹಂಚುಗಳು: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ,

ಮಂಗಳೂರಿನ ಜೆಪ್ಪುವಿನಿಂದ ನಮಸ್ಕಾರಗಳು.

ಕಳೆದ ಬೇಸಿಗೆಯಲ್ಲಿ ನಮ್ಮ ಹಳೆ ಮನೆಯ ಮಾಡು ಬಿಚ್ಚಿಸಿದೆವು. ರೀಪು, ಪಕ್ಕಾಸುಗಳಿಗೆಲ್ಲ ಗೆದ್ದಲು ಹಿಡಿದಿತ್ತು. ಇಳಿಸಿದ ಹಂಚುಗಳನ್ನು ಅಂಗಳದಲ್ಲಿ ಒಟ್ಟುವಾಗ ಕಂಡಿತು, ಹಂಚು ಎರಡು ಬಗೆಯವು. ಹಳೆಯವುಗಳ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ‘ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865’ ಎಂಬ ಅಚ್ಚು. ಒಡೆದ ಕಡೆ ಆಮೇಲೆ ಸೇರಿಸಿದವುಗಳ ಮೇಲೆ ‘ಕಾಮನ್‌ವೆಲ್ತ್ ಟ್ರಸ್ಟ್’. ಅದೇ ಕೆಂಪು, ಅದೇ ಅಳತೆ. ಒಂದರ ಅಂಚು ಇನ್ನೊಂದರ ತೋಡಿಗೆ ಸರಿಯಾಗಿ ಕೂರುತ್ತದೆ. ಇಷ್ಟು ವರ್ಷ ಒಂದೇ ಮಳೆಯನ್ನು ಎರಡೂ ತಡೆದಿವೆ. ಈ ಪತ್ರ ಆ ಎರಡು ಅಚ್ಚುಗಳ ನಡುವಿನ ಕಾಲದ ಕುರಿತಾದದ್ದು.

ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯವರು 1834ರಲ್ಲಿ ಈ ಕರಾವಳಿಗೆ ಬಂದದ್ದು, 1843ರಲ್ಲಿ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ್ದು, 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು, 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾದದ್ದು ತಮಗೆ ತಿಳಿದದ್ದೇ. ಸಭೆಗಳಲ್ಲಿ ಇವನ್ನೆಲ್ಲ ನಾವು ಅಭಿಮಾನದಿಂದ ಹೇಳುತ್ತೇವೆ. ಆದರೆ 1914ರ ನಂತರದ ಕಥೆ, ನಾನು ಓದಿದ ಕಡೆಯಲ್ಲೆಲ್ಲ, ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ: ಮಹಾಯುದ್ಧದ ಕಾರಣ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋಯಿತು. ಕಾರ್ಖಾನೆ ಎಲ್ಲಿಗೆ ಹೋಯಿತೆಂದು ಬರೆದಿಟ್ಟೆವು. ಮನುಷ್ಯರು ಎಲ್ಲಿಗೆ ಹೋದರು?

ಮಿಶನ್ನಿನ ಜರ್ಮನ್ ಗಂಡಸರನ್ನು ಬ್ರಿಟಿಷ್ ಸರ್ಕಾರದವರು ಅಹ್ಮದ್‌ನಗರದ ಬಂಧನ ಶಿಬಿರಕ್ಕೆ ಒಯ್ದರು. ಅದು ಇಂದಿನ ಅಹಿಲ್ಯಾನಗರ. ಹೆಂಗಸರು ಮಕ್ಕಳನ್ನು ಇರಿಸಿದ ಶಿಬಿರ ಇದ್ದದ್ದು ನಮ್ಮ ಬೆಳಗಾವಿಯಲ್ಲಿ.

ನಮ್ಮ ಮುತ್ತಜ್ಜಿ ಮಿಶನ್ ಬಂಗಲೆಯೊಂದರಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕಿದ್ದರು. ಅವರು ತಮ್ಮ ಮಗಳಿಗೆ, ಅಂದರೆ ನನ್ನ ಅಜ್ಜಿಗೆ ಹೇಳಿದ್ದನ್ನು ಅಜ್ಜಿ ನನಗೆ ಎಷ್ಟೋ ಸಲ ಹೇಳಿದ್ದಾರೆ. ಮನೆಯ ಯಜಮಾನರನ್ನು ಮೊದಲೇ ಕರೆದೊಯ್ದಾಗಿತ್ತಂತೆ. ತಾಯಿ ಮಗುವಿನ ಸರದಿ ಬಂದ ದಿನ ಮುತ್ತಜ್ಜಿಗೆ ಇದ್ದದ್ದು ಒಂದೇ ಯೋಚನೆ: ಈ ಮಗು ತಿನ್ನುವುದು ಕುಚ್ಚಲಕ್ಕಿ ಗಂಜಿ, ಘಟ್ಟದ ಮೇಲೆ ಕುಚ್ಚಲಕ್ಕಿ ಸಿಗುತ್ತದೋ ಇಲ್ಲವೋ? ಒಂದು ಸೇರು ಅಕ್ಕಿ, ಒಂದು ತುಂಡು ಬೆಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟರಂತೆ. ಜೊತೆಗಿದ್ದ ಪೊಲೀಸಿನವ ಗಂಟು ಬಿಚ್ಚಿಸಿ, ಅಕ್ಕಿಯೊಳಗೆ ಕೈಯಾಡಿಸಿ ನೋಡಿ, ಪುನಃ ಕಟ್ಟಲು ಹೇಳಿದನಂತೆ. ಮಗುವಿಗೆ ಮನೆಮಾತಿಗಿಂತ ತುಳುವೇ ಚೆನ್ನಾಗಿ ಬರುತ್ತಿತ್ತು. ‘ಏಪ ಬರೊಡು?’ ಎಂದು ಕೇಳಿತಂತೆ. ಯಾವಾಗ ಬರಬೇಕು ಎಂದು. ಅಜ್ಜಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಿದ್ದರು. ಮುಂದೆ ಏನಾಯಿತೆಂದು ಅವರಿಗೂ ಗೊತ್ತಿರಲಿಲ್ಲ.

ಆ ಜನರ ಮೇಲೆ ಯಾರೂ ಅಪರಾಧ ಹೊರಿಸಿರಲಿಲ್ಲ. ಹುಟ್ಟಿದ ದೇಶವೇ ಸಾಕಾಗಿತ್ತು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಅಲ್ಲಿಂದ ಬಂದವರಲ್ಲಿ ಬಹಳ ಮಂದಿ ಜರ್ಮನಿಯ ವ್ಯೂರ್ಟೆಂಬರ್ಗಿನವರು. ಒಂದೇ ಸಂಸ್ಥೆಯಲ್ಲಿದ್ದರೂ ಸ್ವಿಸ್ ಪ್ರಜೆ ತಟಸ್ಥ ದೇಶದವನಾದ, ಜರ್ಮನ್ ಪ್ರಜೆ ಶತ್ರುವಾದ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನ್ ಯುದ್ಧನೌಕೆ ಎಮ್ಡೆನ್ ಮದರಾಸು ಬಂದರಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿತ್ತು. ನಮ್ಮ ಜಿಲ್ಲೆ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಜನರ ಭಯ ಸುಳ್ಳಾಗಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಎಮ್ಡೆನ್ನಿನ ಗುಂಡಿಗೂ ಗಂಜಿ ಉಣ್ಣುವ ಆ ಮಗುವಿಗೂ ಏನು ಸಂಬಂಧ?

ಇನ್ನೊಂದು ಸಂಗತಿ ನೋಡಿ. ಮಿಶನ್ನಿನ ನೆಲೆಯಾಗಿದ್ದ ಬಲ್ಮಠದಿಂದ ಬಾವುಟಗುಡ್ಡೆಗೆ ನಡೆದೇ ಹೋಗಬಹುದು. ಅಲ್ಲಿ ಸಂತ ಅಲೋಶಿಯಸ್ ಕಾಲೇಜು ಕಟ್ಟಿದವರು ಇಟಲಿಯ ಜೆಸ್ವಿಟ್ ಪಾದ್ರಿಗಳು. 1915ರಲ್ಲಿ ಇಟಲಿ ಬ್ರಿಟನ್ನಿನ ಪಕ್ಷ ಸೇರಿದ್ದರಿಂದ ಇಟಲಿಯವರು ಮಿತ್ರರೆನಿಸಿದರು. ಅದೇ ಇಟಲಿ 1940ರ ಜೂನಿನಲ್ಲಿ ಎದುರು ಪಕ್ಷಕ್ಕೆ ಹೋಯಿತು. ಆ ಯುದ್ಧದಲ್ಲಿ ಡೆಹ್ರಾಡೂನಿನ ಪ್ರೇಮನಗರ ಶಿಬಿರದಲ್ಲಿ ಜರ್ಮನರ ಜೊತೆಗೆ ಇಟಲಿಯವರಿಗೂ ಒಂದು ವಿಭಾಗ ಇತ್ತು. ಹಿಟ್ಲರನಿಂದ ತಪ್ಪಿಸಿಕೊಂಡು ಭಾರತಕ್ಕೆ ಬಂದಿದ್ದ ಯಹೂದ್ಯರನ್ನೂ 1939ರಲ್ಲಿ ‘ಜರ್ಮನರು’ ಎಂದೇ ಹಿಡಿದು ಕೂರಿಸಿದ್ದರು. ಅವರಲ್ಲಿ ಹೆಚ್ಚಿನವರನ್ನು ಬಿಟ್ಟದ್ದು ವಿಚಾರಣೆಯಾದ ಮೇಲೆ.

ಅಹ್ಮದ್‌ನಗರದ ಕೋಟೆ ಎಲ್ಲರಿಗೂ ಗೊತ್ತು, 1942ರಿಂದ ನೆಹರೂ ಅಲ್ಲಿ ಬಂಧಿಯಾಗಿದ್ದರು ಎಂಬ ಕಾರಣಕ್ಕೆ. ಅದೇ ಊರಿನ ಈ ಶಿಬಿರವನ್ನು ನೆನೆಯುವವರಿಲ್ಲ. ಮಿಶನರಿಗಳು, ವ್ಯಾಪಾರಿಗಳು, ನಾವಿಕರು, ಎಂಜಿನಿಯರರು, ಹೀಗೆ ಸಾವಿರಕ್ಕೂ ಹೆಚ್ಚು ಗಂಡಸರು ಅಲ್ಲಿದ್ದರು. ಸುತ್ತ ಮುಳ್ಳುತಂತಿ. ದಿನಾ ಸಾಲಾಗಿ ನಿಂತು ಹಾಜರಿ ಕೊಡಬೇಕು. ಬರುವ ಕಾಗದ, ಹೋಗುವ ಕಾಗದ ಎರಡನ್ನೂ ಇನ್ನೊಬ್ಬರು ಒಡೆದು ಓದುತ್ತಾರೆ. ಹೆಂಡತಿಗೆ ಬರೆಯುವ ನಾಲ್ಕು ಸಾಲನ್ನೂ ಅಪರಿಚಿತನ ಕಣ್ಣಿಗೆ ಹೊಂದಿಸಿಯೇ ಬರೆಯಬೇಕು. ಮುಂಜಾನೆಯಿಂದ ಸಂಜೆವರೆಗೆ ಮಾಡಲು ಕೆಲಸವಿಲ್ಲ. ಅದಕ್ಕೇ ತಮ್ಮತಮ್ಮಲ್ಲೇ ಪಾಠ, ಹಾಡು, ನಾಟಕ, ತರಕಾರಿ ಪಾತಿ. ಜೈಲಿನ ಕೈದಿಗೆ ಎಷ್ಟು ವರ್ಷವೆಂದು ಗೊತ್ತಿರುತ್ತದೆ, ಗೋಡೆಯ ಮೇಲೆ ಗೀರು ಹಾಕಿ ಕಳೆಯಬಹುದು. ಇವರಿಗೆ ಆ ಲೆಕ್ಕವೂ ಇರಲಿಲ್ಲ. ಯುದ್ಧ ಮುಗಿದಾಗ ಬಿಡುಗಡೆ ಎನ್ನುವುದೊಂದೇ ಉತ್ತರ. ಯುದ್ಧ 1918ರ ನವೆಂಬರಿನಲ್ಲಿ ನಿಂತಿತು. ಶಿಬಿರ 1919ರಲ್ಲೂ ನಡೆದೇ ಇತ್ತು.

ಹೆಂಗಸರು ಮಕ್ಕಳಲ್ಲಿ ಅನೇಕರನ್ನೂ ಕೆಲವು ಮಿಶನರಿಗಳನ್ನೂ 1915 ಮತ್ತು 1916ರಲ್ಲಿ ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಯೂರೋಪಿಗೆ ಕಳಿಸಿದರು. ಗೋಲ್ಕೊಂಡ ಹೊರಟ ವರ್ಷ ಓದಿದಾಗಲೆಲ್ಲ ಆ ಅಕ್ಕಿ ಗಂಟು ನನ್ನ ಕಣ್ಣ ಮುಂದೆ ಬರುತ್ತದೆ.

1917ರಲ್ಲಿ ಅಂತರರಾಷ್ಟ್ರೀಯ ರೆಡ್‌ಕ್ರಾಸಿನ ಮೂವರು ಪ್ರತಿನಿಧಿಗಳು, ತೋರ್ಮೆಯರ್, ಶೋಕ್ ಮತ್ತು ಡಾಕ್ಟರ್ ಬ್ಲಾಂಶೋ, ಭಾರತ ಮತ್ತು ಬರ್ಮಾದ ಶಿಬಿರಗಳನ್ನು ಸುತ್ತಿ ವರದಿ ಬರೆದರು. ಅಹ್ಮದ್‌ನಗರ, ಬೆಳಗಾವಿಗಳ ಜೊತೆಗೆ ತುರ್ಕಿ ಸೆರೆಯಾಳುಗಳಿದ್ದ ಬಳ್ಳಾರಿಗೂ ಹೋಗಿದ್ದರು. ಮಲಗುವ ವ್ಯವಸ್ಥೆ, ಊಟ, ಬಟ್ಟೆ, ನೀರು, ಕಾಯಿಲೆ, ಅಂಚೆ ಎಂದು ಕೇಳಿಕೇಳಿ ಬರೆದುಕೊಂಡ ವರದಿ ಅದು. ಇಂದಿನ ಕರ್ನಾಟಕದ ಎರಡು ಊರುಗಳು ಅದರಲ್ಲಿವೆ. ಆದರೂ ಅದನ್ನು ಕನ್ನಡದಲ್ಲಿ ನಾನು ಎಲ್ಲಿಯೂ ಕಂಡಿಲ್ಲ.

ಈ ವಿಷಯ ಹಿಡಿದು ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿದ್ದವರು ಒಳ್ಳೆಯ ಮಾತಿನಲ್ಲೇ ಹೇಳಿದರು: ‘ಅದೆಲ್ಲ ಬ್ರಿಟಿಷರ ಕಾಲದ್ದು ಮಾರಾಯ್ರೆ, ಈಗ ಯಾಕೆ?’ ನನ್ನ ಉತ್ತರ ಅಲ್ಲಿ ನಾಲಿಗೆಗೆ ಬರಲಿಲ್ಲ, ಇಲ್ಲಿ ಬರೆಯುತ್ತೇನೆ. 1962ರಲ್ಲಿ ಚೀನಾ ಯುದ್ಧವಾದಾಗ ಬ್ರಿಟಿಷರು ಇರಲಿಲ್ಲ. ಅಸ್ಸಾಂ, ಡಾರ್ಜಿಲಿಂಗ್ ಕಡೆಯ ಸುಮಾರು 3,000 ಚೀನೀ ಮೂಲದವರನ್ನು ರೈಲಿನಲ್ಲಿ ತುಂಬಿಸಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಿದವರು ನಾವೇ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಜಪಾನೀ ನಾಗರಿಕರನ್ನು ಇರಿಸಿದ್ದ ಅದೇ ದೇವಲಿ. ಒಯ್ದವರಲ್ಲಿ ಇಲ್ಲೇ ಹುಟ್ಟಿದವರು ಬಹಳ. ಕೊನೆಯವರು ಹೊರಬಂದದ್ದು 1967ರಲ್ಲಿ. ನಮ್ಮ ಸಂವಿಧಾನದ 22ನೇ ವಿಧಿ ಬಂಧಿತನಿಗೆ ಕಾರಣ ತಿಳಿಯುವ, ವಕೀಲರನ್ನು ಕಾಣುವ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವ ಹಕ್ಕು ಕೊಟ್ಟು, ಮೂರನೇ ಉಪವಿಧಿಯಲ್ಲಿ ‘ಶತ್ರು ದೇಶದ ಪ್ರಜೆ’ಗೆ ಅದಿಲ್ಲ ಎನ್ನುತ್ತದೆ. ಅದು ಇಂದಿಗೂ ಜಾರಿಯಲ್ಲಿದೆ. ಯುದ್ಧಕಾಲದಲ್ಲಿ ನಾಗರಿಕರ ರಕ್ಷಣೆಗಾಗಿ ಆದ 1949ರ ಜಿನೀವಾ ಒಪ್ಪಂದಕ್ಕೆ ಭಾರತದ ಸಹಿಯೂ ಇದೆ. ಹೀಗೆ ಕೂಡಿಟ್ಟವರ ಪ್ರಕರಣವನ್ನು ವರ್ಷಕ್ಕೆ ಎರಡು ಸಲವಾದರೂ ಮರುಪರಿಶೀಲಿಸಬೇಕೆಂದು ಅದು ಹೇಳುತ್ತದೆ. ಆದ್ದರಿಂದ ಇದು ಮುಗಿದುಹೋದ ವಿಷಯ ಎಂದು ನನಗೆ ಅನ್ನಿಸುವುದಿಲ್ಲ.

ನಾನು ಕೇಳುವುದು ಪ್ರತಿಮೆಯನ್ನಲ್ಲ, ಉತ್ಸವವನ್ನೂ ಅಲ್ಲ. ಆಗ ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿ, ಮಂಗಳೂರು ಮದರಾಸು ಪ್ರಾಂತ್ಯದಲ್ಲಿ ಇದ್ದುದರಿಂದ ಕಾಗದಪತ್ರಗಳು ಮುಂಬಯಿ, ಚೆನ್ನೈ, ದೆಹಲಿ ಎಂದು ಚೆದುರಿವೆ. ಮಿಶನ್ನಿನ ಸ್ವಂತ ದಾಖಲೆ, ಫೋಟೋಗಳು ಬಾಸೆಲ್‌ನಲ್ಲಿವೆ. ನನ್ನಂಥವರು ಒಬ್ಬೊಬ್ಬರೇ ಅಲೆದು ತರುವುದು ಆಗದ ಮಾತು. ರಾಜ್ಯ ಪತ್ರಾಗಾರದಿಂದ ಒಂದು ಅಧಿಕೃತ ಕಾಗದ ಹೋದರೆ ಪ್ರತಿಗಳು ಬಂದಾವು. ಬಂದದ್ದನ್ನು ಕನ್ನಡಕ್ಕೆ ಮಾಡಿಸಿ ಅಚ್ಚು ಹಾಕಿಸಿ. ಮೊದಲು ಆ 1917ರ ವರದಿಯ ಬೆಳಗಾವಿ ಭಾಗ ಬರಲಿ, ಅಷ್ಟಾದರೂ ಸಾಕು. ಇಲ್ಲಿಂದ ಹೋದವರ ಹೆಸರು ಸಿಕ್ಕಿದರೆ ಜೆಪ್ಪುವಿನಲ್ಲಿ ಒಂದು ಫಲಕದ ಮೇಲೆ ಬರೆಸಿ. ಅವರು ಹೋದ ಮೇಲೂ ಗೂಡು ಆರದಂತೆ ಹಂಚು ಸುಟ್ಟ ನಮ್ಮ ಹಿರಿಯರ ಹೆಸರುಗಳೂ ಅಲ್ಲೇ ಇರಲಿ.

ಎರಡು ಹಂಚುಗಳನ್ನು, ಒಂದೊಂದು ಅಚ್ಚಿನದು, ಬೈಹುಲ್ಲಿನಲ್ಲಿ ಸುತ್ತಿ ತೆಗೆದಿಟ್ಟಿದ್ದೇನೆ. ಬಿಜೈಯ ಶ್ರೀಮಂತಿ ಬಾಯಿ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅವನ್ನು ಒಟ್ಟಿಗೆ, ಪಕ್ಕಪಕ್ಕದಲ್ಲಿ ಇಡಲು ಜಾಗ ಕೊಡಿಸುವಿರಾದರೆ, ತಿಳಿಸಿದ ದಿನವೇ ತಂದು ಒಪ್ಪಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಜೆಪ್ಪುವಿನ ಒಬ್ಬ ನಿವಾಸಿ, ಮಂಗಳೂರು