ಮುಟ್ಟು ತಡವಾದ ಹುಡುಗಿ ಯಾರ ಬಳಿ ಹೋಗಬೇಕು? ಜಿಲ್ಲಾ ಆರೋಗ್ಯಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಕೊಡಗು ಜಿಲ್ಲೆ, ಮಡಿಕೇರಿ

ಮಾನ್ಯರೇ,

ಹೈಸ್ಕೂಲೋ ಪಿಯುಸಿಯೋ ಓದುವ ಹುಡುಗಿಗೆ ಮುಟ್ಟು ಹತ್ತು ದಿನ ತಡವಾದರೆ ಅವಳು ಆಸ್ಪತ್ರೆಗೆ ಬರುವುದಿಲ್ಲ. ಮೊದಲು ಗೆಳತಿಯನ್ನು ಕೇಳುತ್ತಾಳೆ, ಆಮೇಲೆ ಪಪ್ಪಾಯಿ, ಎಳ್ಳು-ಬೆಲ್ಲ ತಿನ್ನುತ್ತಾಳೆ. ಕೊನೆಗೆ ಗುರುತಿನವರು ಯಾರೂ ಇರದ ಊರಿನ ಮೆಡಿಕಲ್ ಶಾಪ್ ಹುಡುಕಿ ಬಸ್ಸು ಹತ್ತುತ್ತಾಳೆ. ನಮ್ಮದು ಎಲ್ಲರಿಗೂ ಎಲ್ಲರೂ ಗೊತ್ತಿರುವ ಜಿಲ್ಲೆ. ಆಶಾ ಕಾರ್ಯಕರ್ತೆ ಅವಳಿಗೆ ಅತ್ತೆಯೋ ದೊಡ್ಡಮ್ಮನೋ ಆಗಿರುತ್ತಾರೆ. ಹೀಗೆ ಮೂರು-ನಾಲ್ಕು ವಾರ ಕಳೆದುಹೋಗುತ್ತದೆ. ಆ ವಾರಗಳನ್ನು ಉಳಿಸಲು ಹೊಸ ಯೋಜನೆಯೇನೂ ಬೇಕಿಲ್ಲ. ಹದಿಹರೆಯದವರಿಗಾಗಿರುವ ಸ್ನೇಹ ಕ್ಲಿನಿಕ್, ಬಸಿರು ಪರೀಕ್ಷೆಯ ನಿಶ್ಚಯ್ ಕಿಟ್, ಶುಶ್ರೂಷಕಿಯರು ಎಲ್ಲ ನಿಮ್ಮ ಇಲಾಖೆಯದೇ. ಅವು ಅವಳ ಕೈಗೆಟುಕಬೇಕು, ಅಷ್ಟೇ.

ತಡವಾದ ಮುಟ್ಟೆಲ್ಲ ಬಸಿರಲ್ಲ ಎಂಬುದನ್ನು ಶಾಲೆಯಲ್ಲಿ ಹೇಳುವವರು ಬೇಕು. ಮೈನೆರೆದ ಮೊದಲ ಎರಡು-ಮೂರು ವರ್ಷ ಮಿದುಳು ಮತ್ತು ಅಂಡಾಶಯದ ನಡುವಿನ ಹಾರ್ಮೋನ್ ಹೊಂದಾಣಿಕೆ ಇನ್ನೂ ಕುದುರಿರುವುದಿಲ್ಲ. ಕೆಲವು ತಿಂಗಳು ಅಂಡ ಬಿಡುಗಡೆಯೇ ಆಗುವುದಿಲ್ಲ. ಆಗ ಮುಟ್ಟು ಮುಂದೆ ಹೋಗುತ್ತದೆ, ಬಂದಾಗ ಜಾಸ್ತಿ ಹೋಗುತ್ತದೆ. ಈ ವಯಸ್ಸಿನಲ್ಲಿ 21ರಿಂದ 45 ದಿನಗಳ ಅಂತರ ಸಹಜ. ಪರೀಕ್ಷೆಯ ಒತ್ತಡ, ಊಟ ಬಿಡುವುದು, ತೂಕ ಏರಿಳಿಯುವುದು, ಥೈರಾಯ್ಡ್, ಪಿಸಿಒಎಸ್ ಎಂಬ ಹಾರ್ಮೋನ್ ಏರುಪೇರಿನ ತೊಂದರೆ ಕೂಡ ಮುಟ್ಟನ್ನು ಹಿಂದೆ ಮುಂದೆ ಮಾಡುತ್ತವೆ. ಮೂರು ತಿಂಗಳು ಮುಟ್ಟೇ ಆಗದಿದ್ದರೆ, ಏಳು ದಿನ ದಾಟಿದರೂ ನಿಲ್ಲದಿದ್ದರೆ, ಒಂದೆರಡು ಗಂಟೆಗೇ ಪ್ಯಾಡ್ ತೊಯ್ದುಹೋದರೆ, 15 ತುಂಬಿದರೂ ಮೈನೆರೆಯದಿದ್ದರೆ ವೈದ್ಯರು ನೋಡಲೇಬೇಕು. "ಮದುವೆಯಾದ ಮೇಲೆ ಸರಿಹೋಗುತ್ತದೆ" ಎಂದು ಕಳಿಸುವುದು ಚಿಕಿತ್ಸೆಯಲ್ಲ. ರಕ್ತದ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆಯನ್ನಾದರೂ ಮಾಡಿಸಬೇಕು.

"ತಿಂಗಳು ತಿಂಗಳು ಸರಿಯಾಗಿ ಆಗುತ್ತದೆಯಾ?" ಎಂದು ಕೇಳಿದರೆ ಹುಡುಗಿ ತಲೆಯಾಡಿಸುತ್ತಾಳೆ. ತಾರೀಖು ಬರೆದಿಟ್ಟಿರುವುದಿಲ್ಲ. ಬಹಳ ಜನ ಮುಟ್ಟು ನಿಂತ ದಿನದಿಂದ ಲೆಕ್ಕ ಹಾಕುತ್ತಾರೆ. ಲೆಕ್ಕ ಹಾಕಬೇಕಾದದ್ದು ಮೊದಲ ದಿನದಿಂದ ಮೊದಲ ದಿನಕ್ಕೆ. ಇಲ್ಲಿ ನಮ್ಮ ಹಬ್ಬಗಳೇ ಕ್ಯಾಲೆಂಡರು. ಕೈಲ್ ಮುಹೂರ್ತದ ದಿನ ದೇವರ ದೀಪದ ಹತ್ತಿರ ಹೋಗಿದ್ದೆಯಾ, ತುಲಾ ಸಂಕ್ರಮಣಕ್ಕೆ ಹೊರಗಾಗಿದ್ದೆಯಾ ಎಂದು ಕೇಳಿದರೆ ಅವಳಿಗೆ ಥಟ್ಟನೆ ನೆನಪಾಗುತ್ತದೆ. ಕೈಲ್ ಮುಹೂರ್ತದ ಸೆಪ್ಟೆಂಬರ್ 3ರಿಂದ ತುಲಾ ಸಂಕ್ರಮಣದ ಅಕ್ಟೋಬರ್ 17ಕ್ಕೆ 44 ದಿನ. ಆ ಎರಡೂ ದಿನ ಶುರುವಾಗಿ ನಡುವೆ ಆಗದಿದ್ದರೂ ಅವಳು ಮಿತಿಯೊಳಗೇ ಇದ್ದಾಳೆ. ತರಬೇತಿಯಲ್ಲಿ ಈ ಬಗೆಯ ಪ್ರಶ್ನೆಗಳನ್ನು ಕಲಿಸಿ.

ಇನ್ನು ಕಿಟ್. ಲೈಂಗಿಕ ಸಂಪರ್ಕ ಆಗಿದ್ದರೆ ಮುಟ್ಟು ತಪ್ಪಿದ ದಿನದಿಂದ ಪರೀಕ್ಷೆ ಮಾಡಬಹುದು. ಆದರೆ ಮುಟ್ಟೇ ಏರುಪೇರಾದವಳಿಗೆ ತಪ್ಪಿದ ದಿನ ಯಾವುದೆಂದೇ ತಿಳಿಯದು. ಅವಳಿಗೆ ಸಂಪರ್ಕವಾಗಿ 21 ದಿನ ಕಳೆದ ಮೇಲಿನ ಫಲಿತಾಂಶವನ್ನೇ ನಂಬಬೇಕು. ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಚೆನ್ನಾಗಿ ನೀರು ಕುಡಿದು ಮಾಡಿದರೆ ಮೂತ್ರದಲ್ಲಿನ ಬಸಿರಿನ ಹಾರ್ಮೋನ್ ತೆಳುವಾಗಿ ಸುಳ್ಳು ನೆಗೆಟಿವ್ ಬರಬಹುದು. ಪೊಟ್ಟಣದಲ್ಲಿ ಬರೆದಷ್ಟೇ, ಸಾಮಾನ್ಯವಾಗಿ ಎರಡು-ಮೂರು ಹನಿ ಹಾಕಿ ಐದು ನಿಮಿಷಕ್ಕೆ ಓದಬೇಕು. "ಸಿ" ಗೆರೆ ಬಾರದಿದ್ದರೆ ಕಿಟ್ ಕೆಟ್ಟಿದೆ ಎಂದರ್ಥ. ಹೊತ್ತಿಗೆ ಸರಿಯಾಗಿ ಓದಿದಾಗ "ಟಿ" ಗೆರೆ ಮಸುಕಾಗಿದ್ದರೂ ಪಾಸಿಟಿವ್. ಅರ್ಧ ಗಂಟೆ ಬಿಟ್ಟು ನೋಡಿದಾಗ ಮೂಡಿದ ಬೂದು ಗೆರೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ನೆಗೆಟಿವ್ ಬಂದೂ ಮುಟ್ಟಾಗದಿದ್ದರೆ ವಾರದ ನಂತರ ಮತ್ತೆ ನೋಡಬೇಕು. ನಮ್ಮ ಮಳೆಗಾಲದಲ್ಲಿ ಇನ್ನೊಂದು ತೊಂದರೆ ಇದೆ: ಪೊಟ್ಟಣ ಹರಿದರೆ ಒಳಗಿನ ಪಟ್ಟಿ ತೇವ ಎಳೆದುಕೊಂಡು ಹಾಳಾಗುತ್ತದೆ. ಗೋಡೆ ಬೆವರುವ ಉಪಕೇಂದ್ರಗಳಲ್ಲಿ ಕಿಟ್‌ಗಳನ್ನು ಗಾಳಿಯಾಡದ ಡಬ್ಬಿಯಲ್ಲಿಡಿಸಿ, ಬಳಸುವ ಹೊತ್ತಿಗೆ ಮಾತ್ರ ಬಿಚ್ಚಲು ಹೇಳಿಸಿ.

ಸಂಪರ್ಕವಾದ 72 ಗಂಟೆಯೊಳಗೆ ನುಂಗುವ ತುರ್ತು ಗರ್ಭನಿರೋಧಕ ಮಾತ್ರೆ ಅಂಡ ಬಿಡುಗಡೆಯನ್ನು ಮುಂದೂಡುತ್ತದೆ, ನಿಂತ ಗರ್ಭವನ್ನು ತೆಗೆಯುವುದಿಲ್ಲ. ಅದನ್ನು ನುಂಗಿದವಳಿಗೆ ಮುಂದಿನ ಮುಟ್ಟು ಒಂದು ವಾರ ಆಚೀಚೆ ಆಗುವುದುಂಟು. ಈ ಒಂದು ಮಾತು ತಿಳಿಯದೆ ಎಷ್ಟೋ ಹುಡುಗಿಯರು ನಿದ್ದೆಗೆಡುತ್ತಾರೆ. ಗರ್ಭಪಾತದ ಮಾತ್ರೆಯನ್ನು ಚೀಟಿಯಿಲ್ಲದೆ ಮಾರುವುದನ್ನಂತೂ ದಯವಿಟ್ಟು ತಡೆಯಿಸಿ. ಗರ್ಭ ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೆ ಆ ಮಾತ್ರೆಯಿಂದ ಏನೂ ಆಗದು, ನಾಳ ಒಡೆದರೆ ಜೀವಕ್ಕೇ ಅಪಾಯ. ಮುಟ್ಟು ತಪ್ಪಿ, ಕಿಬ್ಬೊಟ್ಟೆಯ ಒಂದೇ ಬದಿ ನೋವು, ತಲೆಸುತ್ತು ಬಂದರೆ ಕಾಯದೆ ಆಂಬುಲೆನ್ಸ್ ಕರೆಯಬೇಕು.

ಕಾನೂನಿನ ವಿಷಯದಲ್ಲಿ ಹುಡುಗಿಯ ಜತೆ ಪ್ರಾಮಾಣಿಕವಾಗಿರಬೇಕು. 18 ತುಂಬದವಳ ಜತೆ ಲೈಂಗಿಕ ಸಂಪರ್ಕ ನಡೆದದ್ದು ತಿಳಿದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಅವಳು ಬಾಯಿಬಿಡುವ ಮೊದಲೇ ಹೇಳಬೇಕು. ಗುಟ್ಟು ಕಾಯುತ್ತೇವೆಂದು ಮಾತು ಕೊಟ್ಟು ಮುರಿದರೆ ಆ ಹಾಡಿಯ, ತೋಟದ ಕಾರ್ಮಿಕರ ಆ ಲೈನ್‌ಮನೆಯ ಇನ್ನೊಬ್ಬ ಹುಡುಗಿ ಕ್ಲಿನಿಕ್ ಕಡೆ ತಲೆಹಾಕುವುದಿಲ್ಲ. ಅದೇ ಉಸಿರಿನಲ್ಲಿ ಇದನ್ನೂ ಹೇಳಬೇಕು: ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯೂ ಪೋಷಕರೂ ಕೋರಿದರೆ ವೈದ್ಯರು ಆ ವರದಿಯಲ್ಲಿ ಅವಳ ಹೆಸರು, ವಿವರ ಕೊಡಬೇಕಾಗಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗರ್ಭಪಾತಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಗರ್ಭಪಾತದ ಕಾಯ್ದೆಯಲ್ಲಿ ಪೋಷಕರೆಂದರೆ ಅವಳನ್ನು ನೋಡಿಕೊಳ್ಳುತ್ತಿರುವವರು, ಅಜ್ಜಿಯೂ ಆಗಬಹುದು. ಆ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರು ಸಾಕು. ಅಪ್ರಾಪ್ತೆಯರಿಗೆ 24 ವಾರದವರೆಗೂ ಅವಕಾಶವಿದೆ, ಆಗ ಇಬ್ಬರು ವೈದ್ಯರ ಅಭಿಪ್ರಾಯ ಬೇಕು.

ನಾವು ಕೇಳುವುದು ಇಷ್ಟು. ಸ್ನೇಹ ಕ್ಲಿನಿಕ್ ವಾರಕ್ಕೊಂದು ದಿನವಾದರೂ ಶಾಲೆ ಬಿಟ್ಟ ಮೇಲೆ, ಕೊನೆಯ ಬಸ್ಸಿಗೆ ಮೊದಲು ತೆರೆದಿರಲಿ. ಚೀಟಿ ಬರೆಸುವ ಕಿಟಕಿಯಲ್ಲಿ "ಏನು ತೊಂದರೆ?" ಎಂದು ಎಲ್ಲರ ಮುಂದೆ ಕೇಳುವುದು ನಿಲ್ಲಲಿ. "ಮದುವೆಯಾಗಿದೆಯಾ?" ಎಂಬ ಪ್ರಶ್ನೆ ಇಲ್ಲದೆಯೇ ಕಿಟ್ ಸಿಗಲಿ. ಜೂನ್‌ನಲ್ಲಿ ಶಾಲೆ ತೆರೆಯುವಾಗ ಮಳೆಯೂ ಹಿಡಿದಿರುತ್ತದೆ. ಅಷ್ಟರೊಳಗೆ ಯಾವ ಕೇಂದ್ರದಲ್ಲಿ, ಯಾವ ದಿನ, ಎಷ್ಟು ಗಂಟೆಗೆ ಎಂಬುದನ್ನು ಆರೋಗ್ಯ ಸಹಾಯವಾಣಿ 104 ಮತ್ತು ಮಕ್ಕಳ ಸಹಾಯವಾಣಿ 1098 ಸಂಖ್ಯೆಗಳ ಜತೆ ಪ್ರತಿ ಹೈಸ್ಕೂಲು, ಹಾಸ್ಟೆಲಿನ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಲು ಆದೇಶಿಸಿ. ಒಬ್ಬಳೇ ನಿಂತು ಓದಲು ಅವಳಿಗೆ ಸಿಗುವ ಜಾಗ ಅದೊಂದೇ.

ಇಂತಿ,
ಕಿಶೋರಿಯರ ಆರೋಗ್ಯದ ಕೆಲಸದಲ್ಲಿರುವ ಶುಶ್ರೂಷಕಿಯರು ಮತ್ತು ಆಪ್ತ ಸಮಾಲೋಚಕರು
ಕೊಡಗು